ಪಿಂಗಾಣಿಯೂ ಮನೆತನದ ಮರ್ಯಾದೆಯೂ

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ನಡೆದ ಕುಟುಂಬ ಸಮ್ಮೇಳನದಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಕುಟುಂಬ ಸಮ್ಮೇಳನದಲ್ಲಿ ಮಾತನಾಡುವವರು ವಿವಾಹ ಸಂಸ್ಕಾರದ ಪಾವಿತ್ರ್ಯವನ್ನೋ, ಮಕ್ಕಳ ವಿದ್ಯಾಭ್ಯಾಸವನ್ನೋ, ಸಂಜೆಯ ಜಪಸರ ಪ್ರಾರ್ಥನೆಯನ್ನೋ ವಿಷಯವಾಗಿ ಎತ್ತಿಕೊಳ್ಳುವುದು ವಾಡಿಕೆ. ಈ ಶತಮಾನೋತ್ಸವದ ವರ್ಷದಲ್ಲಿ ಅವೆಲ್ಲವನ್ನೂ ನನಗಿಂತ ಚೆನ್ನಾಗಿ ಬಲ್ಲವರು ನಿಮಗೆ ವಿವರಿಸಿದ್ದಾರೆ. ಆದುದರಿಂದ ನಾನು ನಿಮ್ಮ ಮನೆಯ ಪಡಸಾಲೆಯಲ್ಲಿಯೇ ಇರುವ, ಆದರೆ ನೀವು ಅಷ್ಟಾಗಿ ಆಲೋಚಿಸಿರದ ಒಂದು ವಸ್ತುವನ್ನು ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ. ಅದು ಗಾಜಿನ ಬೀರುವಿನಲ್ಲಿ ಜೋಡಿಸಿಟ್ಟಿರುವ ಪಿಂಗಾಣಿ. ಗುರುಗಳಿಗೂ ಕಪ್ಪು-ಸಾಸರಿಗೂ ಏನು ಸಂಬಂಧವೆಂದು ನೀವು ನಗಬಹುದು. ಆದರೆ ಒಂದು ಮನೆಯಲ್ಲಿ ಯಾರಿಗೆ ಯಾವ ಪಾತ್ರೆಯಲ್ಲಿ ಏನನ್ನು ಕೊಡುತ್ತಾರೆ ಎಂಬುದರಿಂದ ಆ ಮನೆಯವರ ವಿಶ್ವಾಸವನ್ನು ಬಹುಮಟ್ಟಿಗೆ ತಿಳಿಯಬಹುದೆಂದು ನಾನು ನಂಬಿದ್ದೇನೆ.

ಪ್ರತಿವರ್ಷ ಪಾಸ್ಕ ಹಬ್ಬದ ನಂತರ ನಿಮ್ಮ ಮನೆಗಳನ್ನು ಮಂತ್ರಿಸಲು ಬರುತ್ತೇನಷ್ಟೆ. ಅನೇಕ ಮನೆಗಳಲ್ಲಿ ತಿರುಹೃದಯದ ಪಟಕ್ಕೆ ಎದುರಾಗಿ, ಇಲ್ಲವೇ ಅದರ ಕೆಳಗೇ, ಒಂದು ಗಾಜಿನ ಬೀರು ಇರುತ್ತದೆ. ಅದರೊಳಗೆ ಚಿನ್ನದ ಅಂಚಿನ ಆರು ಕಪ್ಪುಗಳು, ಗುಲಾಬಿ ಹೂವಿನ ಚಿತ್ರವಿರುವ ತಟ್ಟೆಗಳು, ಸಕ್ಕರೆ ಬಟ್ಟಲು, ಹಾಲಿನ ಕುಡಿಕೆ. ಕೆಲವು ಮದುವೆಯ ಉಡುಗೊರೆಗಳು. ಕೆಲವನ್ನು ಕೊಲ್ಲಿ ದೇಶಗಳಲ್ಲಿ ದುಡಿಯುವ ಮಗ ಹಳೆಯ ಬಟ್ಟೆಗಳಲ್ಲಿ ಸುತ್ತಿ, ಒಡೆಯದಂತೆ ಜೋಪಾನವಾಗಿ ತಂದದ್ದು. ಕೆಲವು ದಂಡು ಪ್ರದೇಶದಲ್ಲಿಯೋ ಕೋಲಾರದ ಚಿನ್ನದ ಗಣಿಯಲ್ಲಿಯೋ ದೊರೆಗಳ ಕೈಕೆಳಗೆ ಕೆಲಸಮಾಡಿದ ಅಜ್ಜನ ಕಾಲದವು. ಆ ಬೀರು ತೆರೆಯುವುದು ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ. ಉಳಿದ ದಿನಗಳಲ್ಲಿ ಅದು ಒಳಗೆ ಬಂದವರಿಗೆ ಒಂದು ಸುದ್ದಿಯನ್ನು ಮೌನವಾಗಿ ಹೇಳುತ್ತಿರುತ್ತದೆ: ಈ ಮನೆತನ ಸಾಮಾನ್ಯವಾದುದಲ್ಲ.

ಇದನ್ನು ಹಾಸ್ಯಮಾಡಲು ನಾನು ಹೇಳುತ್ತಿಲ್ಲ. ಸೌಂದರ್ಯವು ದೇವರ ಕೊಡುಗೆ. ತಾಯಿ ಬಳಸಿದ ಬಟ್ಟಲನ್ನು ಮಗಳು ಕಾಪಾಡಿಕೊಂಡು ಬರುವುದು ಅಹಂಕಾರವಲ್ಲ, ಅದು ಪ್ರೀತಿ. ದಿನವೆಲ್ಲ ದುಡಿದು ಬಂದ ಗೃಹಸ್ಥನು ತನ್ನ ಮನೆಯಲ್ಲಿ ಚೆಲುವಾದ ಒಂದು ವಸ್ತುವಿರಲೆಂದು ಬಯಸುವುದು ಪಾಪವಲ್ಲ. ಆದರೆ ಪಾತ್ರೆ ಮನುಷ್ಯನ ಕೈಯಲ್ಲಿ ಇರುವವರೆಗೆ ಪಾತ್ರೆ. ಅದು ಮನುಷ್ಯರನ್ನು ಅಳೆಯುವ ಕೊಳಗವಾದಾಗ ಅನರ್ಥ ಪ್ರಾರಂಭವಾಗುತ್ತದೆ. ಈ ಅನರ್ಥದ ಚರಿತ್ರೆ ದೀರ್ಘವಾದುದು, ಮತ್ತು ನಮ್ಮ ಧರ್ಮಸಭೆಯ ಚರಿತ್ರೆಯೊಡನೆ ಹಲವೆಡೆ ಹೆಣೆದುಕೊಂಡಿರುವಂಥದು. ಅದರಲ್ಲಿ ಕೆಲವು ಪುಟಗಳನ್ನು ನಿಮ್ಮ ಮುಂದೆ ತೆರೆಯುತ್ತೇನೆ.

ಮೊದಲು ಪಿಂಗಾಣಿ ಎಂದರೇನೆಂಬುದನ್ನು ತಿಳಿಯೋಣ. ಅದು ಮಣ್ಣು. ಚೀನಾ ದೇಶದ ಜಿಂಗ್‌ಡೆಝೆನ್ ಎಂಬ ಪಟ್ಟಣದ ಸಮೀಪದಲ್ಲಿ ಗಾವೊಲಿಂಗ್ ಎಂಬ ಬೆಟ್ಟವಿದೆ. ಅಲ್ಲಿ ದೊರೆತ ಬಿಳಿಯ ಜೇಡಿಗೆ ಆ ಬೆಟ್ಟದ ಹೆಸರಿನಿಂದಲೇ ಕೆಯೊಲಿನ್ ಎಂಬ ಹೆಸರು ಬಂದಿತು. ಈ ಜೇಡಿಯನ್ನು ಒಂದು ಬಗೆಯ ಬಿಳಿಗಲ್ಲಿನ ಪುಡಿಯೊಡನೆ ಕಲಸಿ, ತಿರುಗಣೆಯ ಮೇಲೆ ರೂಪಿಸಿ, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟಾಗ ಕಲ್ಲು ಕರಗಿ ಜೇಡಿಯೊಡನೆ ಬೆರೆತು ಗಾಜಿನಂತಾಗುತ್ತದೆ. ತೆಳುವಾದ ಬಟ್ಟಲನ್ನು ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣಿಸುತ್ತದೆ, ತಟ್ಟಿದರೆ ಗಂಟೆಯಂತೆ ನಾದಗೈಯುತ್ತದೆ. ಪಾಶ್ಚಾತ್ಯರು ಇದನ್ನು ಮೊದಲು ಕಂಡಾಗ ಮಣ್ಣೆಂದು ನಂಬದೆ, ಕವಡೆಯ ಹೊಳಪನ್ನು ನೆನೆದು, ಕವಡೆಗೆ ಇಟಲಿಯ ಭಾಷೆಯಲ್ಲಿದ್ದ ಪೊರ್ಸೆಲಾನಾ ಎಂಬ ಹೆಸರನ್ನೇ ಇದಕ್ಕೂ ಕೊಟ್ಟರು. ನಮ್ಮ ನಾಡಿಗೂ ಇದು ಹೊಸತಲ್ಲ. ಹಂಪಿಯಲ್ಲಿ ಗಣ್ಯರು ವಾಸವಾಗಿದ್ದ ಭಾಗವನ್ನು ಅಗೆದಾಗ ಚೀನಾದ ಪಿಂಗಾಣಿಯ ಚೂರುಗಳು ದೊರೆತಿವೆ. ವಿಜಯನಗರದ ಪ್ರಭುಗಳೂ ತಮ್ಮ ಸಿರಿಯನ್ನು ಅತಿಥಿಗಳ ಮುಂದೆ ಪಿಂಗಾಣಿಯಲ್ಲಿ ಬಡಿಸಿದ್ದರು. ಈಗ ಉಳಿದಿರುವುದು ಚೂರುಗಳು.

ಇನ್ನು 1552ನೆಯ ಇಸವಿಗೆ ಬರೋಣ. ಆ ವರ್ಷ ಜಾರ್ಜ್ ಆಲ್ವರೆಸ್ ಎಂಬ ಪೋರ್ಚುಗೀಸ್ ವರ್ತಕನು ಚೀನಾದ ಕುಂಬಾರರಿಂದ ನೀಲಿ ಬಿಳುಪಿನ ಕೆಲವು ಪಿಂಗಾಣಿ ಸೀಸೆಗಳನ್ನು ಮಾಡಿಸಿದನು. ಅವುಗಳ ಮೇಲೆ ತನ್ನ ಹೆಸರನ್ನೂ ಇಸವಿಯನ್ನೂ ಬರೆಯಿಸಿದನು. ಕುಂಬಾರನಿಗೆ ಆ ಲಿಪಿ ತಿಳಿಯದು. ಆದ್ದರಿಂದ ಅಕ್ಷರಗಳನ್ನೆಲ್ಲ ತಲೆಕೆಳಗಾಗಿ ಬರೆದುಬಿಟ್ಟನು. ಆ ಸೀಸೆಗಳಲ್ಲಿ ಕೆಲವು ವಸ್ತುಸಂಗ್ರಹಾಲಯಗಳಲ್ಲಿ ಇಂದಿಗೂ ಉಳಿದಿವೆ. ಈ ಆಲ್ವರೆಸನು ಸಂತ ಫ್ರಾನ್ಸಿಸ್ ಝೇವಿಯರರ ಮಿತ್ರನಾಗಿದ್ದ, ಜಪಾನ್ ದೇಶದ ವಿಷಯವಾಗಿ 1547ರಲ್ಲಿ ಅವರಿಗಾಗಿ ವರದಿಯನ್ನು ಬರೆದುಕೊಟ್ಟ ಹಡಗಿನ ನಾಯಕನೇ ಎಂದು ವಿದ್ವಾಂಸರು ಭಾವಿಸುತ್ತಾರೆ. ಅದೇ 1552ರ ಡಿಸೆಂಬರ್ 3ರಂದು ಸಂತ ಝೇವಿಯರರು ಚೀನಾದ ಕರಾವಳಿಗೆ ಸಮೀಪದ ಶಾಂಗ್‌ಚುವಾನ್ ದ್ವೀಪದಲ್ಲಿ, ಆ ನಾಡಿನೊಳಗೆ ಕರೆದೊಯ್ಯುವ ದೋಣಿಯನ್ನು ಕಾಯುತ್ತ, ಜ್ವರದಿಂದ ಪ್ರಾಣಬಿಟ್ಟರು. ಆ ದ್ವೀಪದ ದಡದಲ್ಲಿ ಪೋರ್ಚುಗೀಸರು ವ್ಯಾಪಾರ ಮಾಡುತ್ತಿದ್ದ ಪಿಂಗಾಣಿಯ ಚೂರುಗಳು ಹೇರಳವಾಗಿ ದೊರೆತಿವೆ. ವರ್ತಕನು ತನ್ನ ಹೆಸರು ಉಳಿಯಲೆಂದು ಸೀಸೆಯ ಮೇಲೆ ಬರೆಯಿಸಿದನು, ಅದು ತಲೆಕೆಳಗಾಯಿತು. ಸಂತರು ಯಾವುದರ ಮೇಲೂ ತಮ್ಮ ಹೆಸರನ್ನು ಬರೆಯಿಸಲಿಲ್ಲ. ಗೋವೆಯಿಂದ ಜಪಾನಿನವರೆಗೆ ಅವರ ಹೆಸರನ್ನು ಇಟ್ಟುಕೊಂಡ ಮಕ್ಕಳಿದ್ದಾರೆ. ಈ ಸಭೆಯಲ್ಲಿಯೂ ಹಲವರಿದ್ದಾರೆ.

ಮುಂದಿನ ಎರಡು ಶತಮಾನಗಳಲ್ಲಿ ಯೂರೋಪಿನ ಶ್ರೀಮಂತರಿಗೆ ಪಿಂಗಾಣಿಯ ಹುಚ್ಚು ಹಿಡಿಯಿತು. ಮನೆತನದ ಲಾಂಛನವನ್ನು ಕಾಗದದ ಮೇಲೆ ಬರೆದು ಹಡಗಿನಲ್ಲಿ ಕ್ಯಾಂಟನ್ ನಗರಕ್ಕೆ ಕಳುಹಿಸುವುದು, ಅಲ್ಲಿನ ಚಿತ್ರಗಾರರು ಅದನ್ನು ನೂರಾರು ತಟ್ಟೆ ಬಟ್ಟಲುಗಳ ಮೇಲೆ ಬರೆಯುವುದು, ಆ ಸರಕು ಹಡಗಿನ ತಳದಲ್ಲಿ ಚಹಾ ಪೆಟ್ಟಿಗೆಗಳ ಕೆಳಗೆ ಕುಳಿತು ಹಿಂದಿರುಗುವುದು, ಹೀಗೆ ಒಂದು ಮನೆಯ ಊಟದ ಮೇಜು ಸಿದ್ಧವಾಗಲು ವರ್ಷಗಳೇ ಹಿಡಿಯುತ್ತಿದ್ದವು. ಇಂಗ್ಲೆಂಡಿನ ಸಾವಿರಾರು ಮನೆತನಗಳು ಹೀಗೆ ಮಾಡಿಸಿಕೊಂಡವು. ಊಟಕ್ಕೆ ಬಂದವನು ಅನ್ನವನ್ನು ತಿನ್ನುತ್ತ ಹೋದಂತೆ ತಟ್ಟೆಯ ತಳದಲ್ಲಿ ಅತಿಥೇಯನ ಲಾಂಛನವನ್ನು ಕಾಣಬೇಕು! ಉಣಿಸಿದವನು ಯಾರೆಂಬುದನ್ನು ಉಂಡವನು ಮರೆಯಕೂಡದೆಂಬುದೇ ಅದರ ಉದ್ದೇಶ.

ಈ ಹುಚ್ಚಿನ ಪರಾಕಾಷ್ಠೆಯನ್ನು ಜರ್ಮನಿಯ ಸ್ಯಾಕ್ಸನಿಯಲ್ಲಿ ನೋಡಬೇಕು. ಅಲ್ಲಿನ ಅರಸನಾದ ಎರಡನೆಯ ಆಗಸ್ಟಸನು ಪೋಲೆಂಡಿನ ಸಿಂಹಾಸನಕ್ಕಾಗಿ 1697ರಲ್ಲಿ ಕಥೋಲಿಕ ಧರ್ಮವನ್ನು ಸ್ವೀಕರಿಸಿದವನು. ಆದರೆ ಅವನ ಹೃದಯವೆಲ್ಲ ಪಿಂಗಾಣಿಯಲ್ಲಿತ್ತು. 1717ರಲ್ಲಿ ಅವನು ಪ್ರಷ್ಯದ ಅರಸನಿಗೆ 600 ಅಶ್ವಾರೋಹಿ ಸೈನಿಕರನ್ನು ಕೊಟ್ಟು, ಅವರಿಗೆ ಬದಲಾಗಿ 151 ಚೀನೀ ಪಿಂಗಾಣಿ ಪಾತ್ರೆಗಳನ್ನು ಪಡೆದನು. ಲೆಕ್ಕ ಹಾಕಿರಿ: ಒಂದು ಪಾತ್ರೆಗೆ ಸುಮಾರು ನಾಲ್ವರು ಮನುಷ್ಯರು. ಅವರಿಗೆ ತಾಯಂದಿರಿದ್ದರು, ಅನೇಕರಿಗೆ ಹೆಂಡತಿ ಮಕ್ಕಳಿದ್ದಿರಬೇಕು. ಅವರ ಹೆಸರುಗಳನ್ನು ಯಾರೂ ಹೇಳುವುದಿಲ್ಲ. ಆ ದೊಡ್ಡ ಹೂಜಿಗಳಾದರೋ ಡ್ರೆಸ್ಡನ್ ನಗರದ ವಸ್ತುಸಂಗ್ರಹಾಲಯದಲ್ಲಿ ಇವೆ. ಅವುಗಳನ್ನು ಇಂದಿಗೂ ಸೈನಿಕರ ಹೂಜಿಗಳೆಂದೇ ಕರೆಯುತ್ತಾರೆ.

ಯೂರೋಪಿನಲ್ಲಿ ಪಿಂಗಾಣಿಯ ರಹಸ್ಯವನ್ನು ಕಂಡುಹಿಡಿದವರಲ್ಲಿ ಮುಖ್ಯನಾದ ಬೊಟ್ಗರ್ ಎಂಬುವನು ಇದೇ ಅರಸನ ಸೆರೆಯಾಳು. ಹೀನಲೋಹದಿಂದ ಚಿನ್ನವನ್ನು ಮಾಡಬಲ್ಲೆನೆಂದು ಹೇಳಿಕೊಂಡು ಸಿಕ್ಕಿಬಿದ್ದ ಆ ತರುಣನು ಚಿನ್ನಕ್ಕೆ ಬದಲಾಗಿ ಪಿಂಗಾಣಿಯನ್ನು ಮಾಡಿಕೊಟ್ಟನು. 1710ರಲ್ಲಿ ಮೈಸನ್ ಪಟ್ಟಣದ ಕೋಟೆಯಲ್ಲಿ ಕಾರ್ಖಾನೆ ಪ್ರಾರಂಭವಾಯಿತು. ಬೊಟ್ಗರನು 1719ರಲ್ಲಿ, 37ನೆಯ ವಯಸ್ಸಿನಲ್ಲಿ, ಆರೋಗ್ಯ ಕೆಟ್ಟು ತೀರಿಕೊಂಡನು. ಅದೇ ಕಾರ್ಖಾನೆಯಲ್ಲಿ ಮುಂದೆ ಬ್ರೂಲ್ ಎಂಬ ಮಂತ್ರಿಗಾಗಿ, 1737ರಿಂದ ಕೆಲವು ವರ್ಷ ದುಡಿದು, ಹಂಸಗಳ ಚಿತ್ರವಿರುವ ಎರಡು ಸಾವಿರಕ್ಕೂ ಮಿಕ್ಕಿದ ಪಾತ್ರೆಗಳ ಒಂದು ಸಮೂಹವನ್ನು ತಯಾರಿಸಿದರು. ತಟ್ಟೆತಟ್ಟೆಯ ಮೇಲೂ ಅವನ ಮತ್ತು ಅವನ ಹೆಂಡತಿಯ ಮನೆತನಗಳ ಲಾಂಛನ. 1945ರಲ್ಲಿ, ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಆ ವಂಶದ ಬಂಗಲೆ ಸೂರೆಯಾಗಿ ಅದರ ಬಹುಭಾಗ ಒಡೆದುಹೋಯಿತು, ಕಳೆದುಹೋಯಿತು. ಮನೆತನದ ಮರ್ಯಾದೆಯನ್ನು ಒಡೆಯುವ ವಸ್ತುವಿನ ಮೇಲೆ ಬರೆದಿಟ್ಟರೆ ಆಗುವುದು ಇಷ್ಟೇ.

ಈ ಅರಸು ಮಂತ್ರಿಗಳ ಕಥೆಗಿಂತ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಒಬ್ಬ ಗುರುಗಳ ಕಥೆ. ಫ್ರಾನ್ಸ್ ದೇಶದ ಯೇಸುಸಭೆಯ ಗುರುಗಳಾದ ವಂದನೀಯ ದಾಂತ್ರೆಕೋಲ್ ಎಂಬುವರು ಚೀನಾದಲ್ಲಿ ಸುವಾರ್ತಾ ಸೇವೆ ಮಾಡುತ್ತಿದ್ದರು. ಜಿಂಗ್‌ಡೆಝೆನ್ ಪಟ್ಟಣದಲ್ಲಿ ಅವರ ಕ್ರೈಸ್ತ ಮಂದೆಯಿತ್ತು, ಆ ಮಂದೆಯಲ್ಲಿ ಪಿಂಗಾಣಿಯ ಕೆಲಸಗಾರರಿದ್ದರು. ತಾವು ಕಣ್ಣಾರೆ ಕಂಡುದನ್ನೂ ಆ ಬಡ ಕ್ರೈಸ್ತರಿಂದ ಕೇಳಿದುದನ್ನೂ ಅವರು 1712 ಮತ್ತು 1722ರಲ್ಲಿ ಬರೆದ ಎರಡು ದೀರ್ಘ ಪತ್ರಗಳಲ್ಲಿ ವರದಿ ಮಾಡಿದರು. ಯೂರೋಪಿನ ಕಾರ್ಖಾನೆಗಳವರು ಆ ಪತ್ರಗಳಲ್ಲಿ ಕೇವಲ ರಹಸ್ಯವನ್ನು ಹುಡುಕಿದರು. ಗುರುಗಳಾದರೋ ಮನುಷ್ಯರನ್ನೂ ಕಂಡಿದ್ದರು. ಸಿದ್ಧವಾದ ಒಂದು ಪಾತ್ರೆ ಎಪ್ಪತ್ತು ಜನರ ಕೈಗಳನ್ನು ಹಾದು ಬಂದಿರುತ್ತದೆಂದು ಅವರು ಬರೆದರು. ಒಬ್ಬನು ರೇಖೆಯನ್ನು ಎಳೆಯುವನು, ಇನ್ನೊಬ್ಬನು ಹೂವನ್ನು, ಮತ್ತೊಬ್ಬನು ಹಕ್ಕಿಯನ್ನು ಬರೆಯುವನು. ಯಾರೊಬ್ಬನೂ ಇದು ನನ್ನದೆಂದು ಹೇಳುವಂತಿಲ್ಲ. ಕುರುಡರೂ ಅಂಗವಿಕಲರೂ ಅಲ್ಲಿ ಬಣ್ಣಗಳನ್ನು ಅರೆದು ಹೊಟ್ಟೆ ಹೊರೆಯುತ್ತಿದ್ದರು.

ಅಲ್ಲಿನ ಜನರಿಂದ ಕೇಳಿದ ಒಂದು ಐತಿಹ್ಯವನ್ನೂ ಅವರು ದಾಖಲಿಸಿದ್ದಾರೆ. ಹಿಂದೊಮ್ಮೆ ಚಕ್ರವರ್ತಿಯ ಅಪ್ಪಣೆಯಂತೆ ಪಾತ್ರೆಗಳನ್ನು ತಯಾರಿಸಲು ಸಾಧ್ಯವಾಗದೆ, ಅಧಿಕಾರಿಗಳ ಹೊಡೆತವನ್ನು ತಾಳಲಾರದೆ, ಒಬ್ಬ ಕೆಲಸಗಾರನು ಉರಿಯುವ ಆವಿಗೆಯೊಳಕ್ಕೆ ಹಾರಿ ಸುಟ್ಟುಹೋದನಂತೆ. ಆ ದಿನದ ಪಾತ್ರೆಗಳು ಚಕ್ರವರ್ತಿ ಮೆಚ್ಚುವಷ್ಟು ಸುಂದರವಾಗಿ ಬಂದವಂತೆ. ಬಳಿಕ ಆ ಕೆಲಸಗಾರನನ್ನೇ ಆವಿಗೆಯ ದೈವವೆಂದು ಜನರು ಪೂಜಿಸತೊಡಗಿದರು. ಐತಿಹ್ಯದಲ್ಲಿ ಎಷ್ಟು ಸತ್ಯವೋ, ಎಷ್ಟು ಕಲ್ಪನೆಯೋ. ಆದರೆ ದುಡಿಯುವವರ ನೋವಿಲ್ಲದೆ ಇಂತಹ ಕಥೆ ಹುಟ್ಟುವುದಿಲ್ಲ. ನಮ್ಮ ಗಾಜಿನ ಬೀರುವಿನ ಬಟ್ಟಲಿಗೂ ಹೀಗೆಯೇ ಎಪ್ಪತ್ತು ಕೈಗಳು ತಗುಲಿರುತ್ತವೆ. ಅದು ಒಡೆಯನ ಮನೆತನವನ್ನು ಮಾತ್ರ ಸಾರುತ್ತದೆ, ಮಾಡಿದವರ ಮನೆತನವನ್ನು ಸಾರುವುದಿಲ್ಲ.

ಕಾಲಕ್ರಮದಲ್ಲಿ ಅರಸರ ಪಾತ್ರೆ ವರ್ತಕರ ಮನೆಗೂ, ಅಲ್ಲಿಂದ ಗುಮಾಸ್ತರ ಮನೆಗೂ ಇಳಿದುಬಂದಿತು. ಇಂಗ್ಲೆಂಡಿನ ಕುಂಬಾರ ಜೊಸಾಯ ವೆಜ್‌ವುಡ್ ಎಂಬುವನು 1765ರಲ್ಲಿ ರಾಣಿ ಶಾರ್ಲೆಟ್ಟಳಿಗೆ ಚಹಾದ ಪಾತ್ರೆಗಳನ್ನು ಮಾಡಿಕೊಟ್ಟು, ಆ ಬಗೆಯ ಕೆನೆಬಣ್ಣದ ಪಾತ್ರೆಗಳಿಗೆ ರಾಣಿಯ ಹೆಸರನ್ನೇ ಇಟ್ಟು ಮಾರಿದನು. ಅದು ಪಿಂಗಾಣಿಯಲ್ಲ, ನಯವಾದ ಮಣ್ಣಿನ ಪಾತ್ರೆ. ಆದರೂ ರಾಣಿಯ ಮೇಜಿನ ಮೇಲಿರುವುದು ತಮ್ಮ ಮೇಜಿನ ಮೇಲೂ ಇರಲೆಂದು ಮಧ್ಯಮ ವರ್ಗದವರು ಅದನ್ನು ಮುಗಿಬಿದ್ದು ಕೊಂಡರು. ಇಂದಿನ ನಮ್ಮ ಮನೆಗಳ ಗಾಜಿನ ಬೀರು ಈ ವ್ಯಾಪಾರದ ದೂರದ ಮೊಮ್ಮಗಳೆಂದರೆ ತಪ್ಪಾಗಲಾರದು.

ಆದರೆ ಇದೇ ವೆಜ್‌ವುಡ್ 1787ರಲ್ಲಿ ಇನ್ನೊಂದು ಕೆಲಸವನ್ನು ಮಾಡಿದನು. ಸಂಕಲೆಗಳಲ್ಲಿ ಬಿಗಿಯಲ್ಪಟ್ಟು ಮಂಡಿಯೂರಿದ ಗುಲಾಮನೊಬ್ಬನು, ತಾನೂ ಮನುಷ್ಯನಲ್ಲವೇ, ಸಹೋದರನಲ್ಲವೇ ಎಂದು ಕೇಳುವ ಒಂದು ಪುಟ್ಟ ಪದಕವನ್ನು ಮಾಡಿಸಿ, ಅದನ್ನು ಹಂಚಿದನು. ಹೆಂಗಸರು ಅದನ್ನು ಆಭರಣವಾಗಿ ಧರಿಸಿದರು. 1791ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಮಸೂದೆ ಪಾರ್ಲಿಮೆಂಟಿನಲ್ಲಿ ಬಿದ್ದುಹೋದಾಗ, ಗುಲಾಮರು ಬೆಳೆದ ಸಕ್ಕರೆಯನ್ನು ಕೊಳ್ಳುವುದಿಲ್ಲವೆಂದು ಸಾವಿರಾರು ಕುಟುಂಬಗಳು ನಿಶ್ಚಯಿಸಿದವು. ಮುಂದೆ 1820ರ ದಶಕದಲ್ಲಿ, ಇದರೊಳಗಿನ ಸಕ್ಕರೆ ಗುಲಾಮರಿಂದ ಮಾಡಿಸಿದುದಲ್ಲ ಎಂಬರ್ಥದ ಬರಹವುಳ್ಳ ಸಕ್ಕರೆ ಬಟ್ಟಲುಗಳು ಆ ನಾಡಿನ ಮೇಜುಗಳ ಮೇಲೆ ಕಾಣಿಸಿಕೊಂಡವು. ಲಾಂಛನವನ್ನು ಹೊತ್ತಿದ್ದ ಪಾತ್ರೆ ಈಗ ಮನಸ್ಸಾಕ್ಷಿಯನ್ನು ಹೊತ್ತಿತು. ಅತಿಥಿಗೆ ಅದು ಹೇಳಿದ್ದು ಈ ಮನೆಯವರು ಎಷ್ಟು ದೊಡ್ಡವರೆಂಬುದನ್ನಲ್ಲ, ಈ ಮನೆಯವರು ಯಾರ ಕಣ್ಣೀರಿನಲ್ಲಿ ಪಾಲುಗೊಳ್ಳಲು ಒಪ್ಪುವುದಿಲ್ಲವೆಂಬುದನ್ನು. ಹೀಗೆ ಒಂದೇ ಪಾತ್ರೆ ಎರಡು ಬಗೆಯ ಮಾತುಗಳನ್ನು ಆಡಬಲ್ಲದು. ಯಾವ ಮಾತನ್ನು ಆಡಿಸಬೇಕೆಂಬುದು ಮನೆಯವರ ಕೈಯಲ್ಲಿದೆ.

ನಮ್ಮ ಪ್ರಭು ಯೇಸುಕ್ರಿಸ್ತರು ಊಟದ ಮೇಜಿನ ವಿಷಯವಾಗಿ ಬಹಳ ಮಾತನಾಡಿದ್ದಾರೆ. ಬಟ್ಟಲಿನ ಹೊರಭಾಗವನ್ನು ತೊಳೆದು ಒಳಭಾಗವನ್ನು ಕೊಳಕಾಗಿ ಬಿಡುವವರನ್ನು ಅವರು ಖಂಡಿಸಿದರು. ಔತಣಕ್ಕೆ ಮರಳಿ ಕರೆಯಬಲ್ಲ ಐಶ್ವರ್ಯವಂತರನ್ನಲ್ಲ, ಮರಳಿ ಕೊಡಲಾರದ ಬಡವರನ್ನೂ ಅಂಗಹೀನರನ್ನೂ ಕುರುಡರನ್ನೂ ಕರೆಯಿರೆಂದು ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಬೋಧಿಸಿದರು. ಜಿಂಗ್‌ಡೆಝೆನ್ನಿನಲ್ಲಿ ಬಣ್ಣ ಅರೆಯುತ್ತಿದ್ದ ಕುರುಡನು ನೆನಪಾಗುವುದಿಲ್ಲವೇ? ಆ ಪಾತ್ರೆಯನ್ನು ಮಾಡಿದವನನ್ನೇ ಪ್ರಭು ಆ ಪಾತ್ರೆಯ ಮುಂದೆ ಕೂರಿಸಬೇಕೆನ್ನುತ್ತಾರೆ. ಕೊರಿಂಥದ ಕ್ರೈಸ್ತರು ಪ್ರಭುಭೋಜನಕ್ಕೆ ಕೂಡಿದಾಗ ಉಳ್ಳವರು ಮುಂಚಿತವಾಗಿಯೇ ಉಂಡು ತೃಪ್ತರಾಗಿ, ಇಲ್ಲದವರನ್ನು ಹಸಿದಿರಲು ಬಿಡುತ್ತಿದ್ದರೆಂದು ಕೇಳಿ ಸಂತ ಪೌಲರು ಎಷ್ಟು ಕಟುವಾಗಿ ಬರೆದರೆಂಬುದನ್ನು ನೀವು ಓದಿದ್ದೀರಿ. ಅವರೇ ಇನ್ನೊಂದು ಪತ್ರದಲ್ಲಿ ನಮ್ಮೊಳಗಿನ ದೈವಿಕ ನಿಧಿಯನ್ನು ಮಣ್ಣಿನ ಪಾತ್ರೆಯಲ್ಲಿಟ್ಟ ನಿಧಿಗೆ ಹೋಲಿಸಿದ್ದಾರೆ. ಮಣ್ಣು ಎಷ್ಟೇ ಬೆಳ್ಳಗಿದ್ದರೂ ಮಣ್ಣೇ. ವಿಭೂತಿ ಬುಧವಾರದಂದು ಬೂದಿಯನ್ನು ಹಚ್ಚುವಾಗ ನಾನು ಯಾರ ಮನೆತನವನ್ನೂ ಕೇಳುವುದಿಲ್ಲ.

ಧರ್ಮಸಭೆಯ ಪೀಠದ ಮೇಲೆ ಬೆಲೆಬಾಳುವ ಪಾತ್ರೆಗಳಿಲ್ಲವೇ ಎಂದು ಯಾರಾದರೂ ಕೇಳಬಹುದು. ಇವೆ. ಬಲಿಪೂಜೆಯ ಪಾನಪಾತ್ರೆ ಸುಲಭವಾಗಿ ಒಡೆಯುವ ಗಾಜಿನದಾಗಲಿ ಮಣ್ಣಿನದಾಗಲಿ ಆಗಿರಕೂಡದೆಂದು ರೋಮಿನ ದೈವಾರಾಧನೆಯ ಇಲಾಖೆ 2004ರಲ್ಲಿ ಮತ್ತೊಮ್ಮೆ ವಿಧಿಸಿತು. ಆದರೆ ಆ ಪಾತ್ರೆ ಯಾವ ಮನೆತನದ ಗೌರವವನ್ನೂ ಸಾರುವುದಿಲ್ಲ. ಅದರಲ್ಲಿರುವ ಕ್ರಿಸ್ತರ ರಕ್ತದಲ್ಲಿ ಜಮೀನ್ದಾರನಿಗೂ ಜೀತದಾಳಿಗೂ ಒಂದೇ ಪಾಲು. ಅಷ್ಟೇ ಅಲ್ಲ, ಮನುಷ್ಯನಿಗಾಗಿ ಆ ಪಾತ್ರೆಯನ್ನೂ ಕರಗಿಸಬಹುದೆಂದು ಸಂತರು ತೋರಿಸಿದ್ದಾರೆ. ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಮೇತ್ರಾಣಿಗಳಾದ ಸಂತ ಆಂಬ್ರೋಸರು ಸೆರೆಯಾಳುಗಳನ್ನು ಬಿಡಿಸಲು ದೇವಾಲಯದ ಪವಿತ್ರ ಪಾತ್ರೆಗಳನ್ನೇ ಕರಗಿಸಿದರು. ಐದನೆಯ ಶತಮಾನದಲ್ಲಿ ಅಮಿದಾ ನಗರದ ಮೇತ್ರಾಣಿ ಅಕಾಸಿಯುಸರು ಚಿನ್ನ ಬೆಳ್ಳಿಯ ಪಾತ್ರೆಗಳನ್ನು ಕರಗಿಸಿ, ಹಸಿವಿನಿಂದ ಸಾಯುತ್ತಿದ್ದ ಸುಮಾರು 7000 ಪರ್ಶಿಯನ್ ಸೆರೆಯಾಳುಗಳನ್ನು ಬಿಡಿಸಿ, ಊಟವಿಕ್ಕಿ, ದಾರಿಖರ್ಚನ್ನು ಕೊಟ್ಟು ಊರಿಗೆ ಕಳುಹಿಸಿದರು. ಅವರು ಕ್ರೈಸ್ತರಲ್ಲ, ಶತ್ರುಸೈನಿಕರು. ದೇವರು ಉಣ್ಣುವವನೂ ಅಲ್ಲ, ಕುಡಿಯುವವನೂ ಅಲ್ಲ, ಆತನಿಗೆ ತಟ್ಟೆ ಬಟ್ಟಲುಗಳೇಕೆ ಎಂಬುದು ಆ ಮೇತ್ರಾಣಿಗಳ ವಾದವಾಗಿತ್ತು.

ಈಗ ನಮ್ಮ ಮನೆಗಳಿಗೆ ಹಿಂದಿರುಗೋಣ. ಕೆಲವು ವರ್ಷಗಳ ಹಿಂದೆ ಮನೆ ಮಂತ್ರಿಸಲು ಒಂದು ಒಂಟಿಕೋಣೆಯ ಮನೆಗೆ ಹೋದಾಗ, ಆ ಮನೆಯ ವೃದ್ಧೆ ನನ್ನನ್ನು ಕೂರಿಸಿ ಹಿತ್ತಿಲ ಬಾಗಿಲಿನಿಂದ ಮಾಯವಾದರು. ಬಹಳ ಹೊತ್ತಾದ ಮೇಲೆ ನೆರೆಮನೆಯಿಂದ ಕಡ ತಂದ ಒಂದು ಕಪ್ಪಿನಲ್ಲಿ, ಅಷ್ಟರೊಳಗೆ ಆರಿಹೋಗಿದ್ದ ಕಾಫಿಯನ್ನು ಕೊಟ್ಟರು. "ಅಮ್ಮಾ, ನಿಮ್ಮ ಲೋಟದಲ್ಲೇ ಕೊಡಬಾರದಿತ್ತೇ?" ಎಂದೆ. "ಆ ಲೋಟದಲ್ಲಿ ನಿಮಗೆ ಹೇಗೆ ಕೊಡಲಿ ಸ್ವಾಮಿ, ನಮಗೆ ಮರ್ಯಾದೆ ಬೇಡವೇ?" ಎಂದರು. ತನ್ನ ಕೈಯಿಂದ ಮಾಡಿದ ಕಾಫಿಗಿಂತ ನೆರೆಯವರ ಕಪ್ಪೇ ತನ್ನ ಮರ್ಯಾದೆಯೆಂದು ಆ ತಾಯಿಗೆ ಕಲಿಸಿದವರು ಯಾರು? ಅವರು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ಗಾಜಿನ ಬೀರುಗಳನ್ನು ನೋಡಿ ಕಲಿತದ್ದು.

ಇದಕ್ಕಿಂತಲೂ ಗಂಭೀರವಾದುದನ್ನು ನಾನು ಹೇಳಬೇಕಾಗಿದೆ. ನನಗೆ ಕೊಡುವಾಗ ಬೀರುವಿನ ಕಪ್ಪು ಹೊರಗೆ ಬರುತ್ತದೆ. ನೆಂಟರಿಗೆ ಉಕ್ಕಿನ ಲೋಟ. ಅಂಗಳವನ್ನು ಗುಡಿಸುವ ಹೆಂಗಸಿಗೆ, ಚರಂಡಿ ತೆಗೆಯಲು ಬಂದವನಿಗೆ, ತೋಟದ ಆಳಿಗೆ ಕಾಫಿ ಕೊಡುವಾಗ ಹಿಡಿಮುರಿದ ಕಪ್ಪೋ ನೆಗ್ಗಿದ ಅಲ್ಯೂಮಿನಿಯಂ ಲೋಟವೋ ಹೊರಬರುತ್ತದೆ. ಅದು ಅಡುಗೆಮನೆಯಲ್ಲಿರುವುದಿಲ್ಲ, ಹೊರಗೆ ಕಿಟಕಿಯ ಕಟ್ಟೆಯ ಮೇಲಿರುತ್ತದೆ. ಕುಡಿದವರೇ ಅದನ್ನು ತೊಳೆದು ಕವುಚಿಡಬೇಕು. ಎಲ್ಲ ಮನೆಗಳಲ್ಲಿ ಹೀಗಿಲ್ಲ, ದೇವರಿಗೆ ಸ್ತೋತ್ರ. ಆದರೆ ಇರುವ ಮನೆಗಳೂ ನಮ್ಮ ಮಧ್ಯೆ ಇವೆ. ಹಳ್ಳಿಯ ಹೋಟೆಲುಗಳಲ್ಲಿನ ಎರಡು ಲೋಟದ ಪದ್ಧತಿಯನ್ನು ನಾವು ಖಂಡಿಸುತ್ತೇವೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿರ್ಮೂಲಗೊಳಿಸಿದೆಯೆಂದು ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಭಾನುವಾರ ಒಂದೇ ಪೀಠದ ಮುಂದೆ ಅದೇ ಹೆಂಗಸಿನೊಡನೆ ಒಂದೇ ರೊಟ್ಟಿಯಲ್ಲಿ ಪಾಲುಗೊಂಡು, ಸೋಮವಾರ ಅವಳ ಲೋಟವನ್ನು ಹೊರಗಿಡುವುದು ಸರಿಯೇ? ಪರಮಪ್ರಸಾದವನ್ನು ಸ್ವೀಕರಿಸಿದ ನಾಲಗೆ ತಗುಲಿದ ಲೋಟ ನಿಮ್ಮ ಅಡುಗೆಮನೆಗೆ ಮೈಲಿಗೆಯಾಗುವುದಾದರೆ, ನೀವು ಯಾರನ್ನು ಹೊರಗಿಟ್ಟಿದ್ದೀರೆಂಬುದನ್ನು ಯೋಚಿಸಿರಿ. ಆ ಹೊರಗಿನ ಲೋಟದಲ್ಲಿ ಕುಡಿಯುತ್ತಿರುವವರು ಕ್ರಿಸ್ತರೇ. ಆ ಹೆಂಗಸು ಕ್ರೈಸ್ತಳಲ್ಲದಿದ್ದರೂ ಈ ಮಾತಿನಲ್ಲಿ ಒಂದಕ್ಷರವೂ ಬದಲಾಗದು.

ಮದುವೆಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ವರನ ಕಡೆಯವರು ಮೆಚ್ಚಲೆಂದು ಸಾಲಮಾಡಿ ಪಾತ್ರೆಪರಡಿಗಳನ್ನು ತೆಗೆದು, ಮಗಳ ಮೊದಲ ಮಗುವಿಗೆ ಜ್ಞಾನಸ್ನಾನವಾಗುವವರೆಗೂ ಬಡ್ಡಿ ಕಟ್ಟುವ ತಂದೆಯರು ನಮ್ಮಲ್ಲಿದ್ದಾರೆ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಆ ಮನೆಯವರ ಮಾನ ಹೋಗುವುದರಲ್ಲಿತ್ತು. ಅದನ್ನು ಮೊದಲು ಕಂಡವರು ಮಾತೆ ಮರಿಯಮ್ಮನವರು. ಅವರು ಯಾರನ್ನೂ ಹೀಯಾಳಿಸಲಿಲ್ಲ, ಸದ್ದಿಲ್ಲದೆ ತಮ್ಮ ಪುತ್ರನಿಗೆ ಹೇಳಿದರು. ಮನೆಯಲ್ಲಿದ್ದ ಆರು ಕಲ್ಲಿನ ಬಾನೆಗಳೇ ಸಾಕಾದವು. ಬಡವನ ಮನೆಯ ಮಾನವೂ ಸ್ವರ್ಗಕ್ಕೆ ಚಿಂತೆಯ ವಿಷಯವೆಂಬುದನ್ನು ಪ್ರಭುವಿನ ಮೊದಲ ಅದ್ಭುತವೇ ನಮಗೆ ತಿಳಿಸುತ್ತದೆ.

ಆದ್ದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ಮೂರು ಕಾರ್ಯಗಳನ್ನು ನಿಮ್ಮ ಮುಂದಿಡುತ್ತೇನೆ. ಮೊದಲನೆಯದು, ಇಂದು ಮನೆಗೆ ಹೋದ ಕೂಡಲೇ ಕಿಟಕಿಯ ಕಟ್ಟೆಯ ಮೇಲಿನ ಆ ಲೋಟವನ್ನು ತೆಗೆದುಹಾಕಿರಿ. ಕೆಲಸದವರಿಗೆ ನೀವು ಕುಡಿಯುವ ಲೋಟದಲ್ಲಿಯೇ ಕೊಡಿರಿ, ಕೂರಿಸಿ ಕೊಡಿರಿ. ಎರಡನೆಯದು, ನಮ್ಮ ದೇವಾಲಯದ ಸಭಾಂಗಣದಲ್ಲಿ ಒಂದು ಪಾತ್ರೆ ಭಂಡಾರವನ್ನು ಏರ್ಪಡಿಸೋಣ. ಜ್ಞಾನಸ್ನಾನ, ಮದುವೆ, ಉತ್ತರಕ್ರಿಯೆ ಯಾವುದಕ್ಕೇ ಆಗಲಿ, ಯಾವ ಮತದ ಮನೆಯವರೇ ಆಗಲಿ, ಬಾಡಿಗೆಯಿಲ್ಲದೆ ತೆಗೆದುಕೊಂಡು ಹೋಗಲಿ. ವರ್ಷಕ್ಕೆ ನಾಲ್ಕು ಸಲ ಬೀರುವಿನಿಂದ ಹೊರಬರುವ ತಟ್ಟೆಗಳನ್ನು ಕೊಡಬಲ್ಲವರು ಕೊಡಿರಿ. ಕೊಟ್ಟವರ ಹೆಸರನ್ನು ಮಾತ್ರ ಅವುಗಳ ಮೇಲೆ ಬರೆಯಿಸುವುದಿಲ್ಲ. ಬರೆಯಿಸಿದ ಹೆಸರು ತಲೆಕೆಳಗಾದ ಕಥೆಯನ್ನು ನೀವು ಈಗ ತಾನೇ ಕೇಳಿದ್ದೀರಿ.

ಮೂರನೆಯದು ಹಬ್ಬದ ಊಟದ ವಿಷಯ. ಪ್ರಧಾನ ಉತ್ಸವದ ದಿನ ಮೇತ್ರಾಣಿಗಳೂ ಗಣ್ಯ ಅತಿಥಿಗಳೂ ಹೆಚ್ಚಿನ ದೇಣಿಗೆಯನ್ನು ಕೊಟ್ಟವರೂ ಗುರುನಿವಾಸದಲ್ಲಿ ಮೇಜಿನ ಮೇಲೆ ಪಿಂಗಾಣಿ ತಟ್ಟೆಗಳಲ್ಲಿ ಊಟಮಾಡಲಿ, ಉಳಿದ ಭಕ್ತಾದಿಗಳಿಗೆ ಚಪ್ಪರದಲ್ಲಿ ಬಡಿಸೋಣ ಎಂಬ ಸಲಹೆ ಬಂದಿದೆ. ಸಲಹೆ ಕೊಟ್ಟವರ ಉದ್ದೇಶ ಒಳ್ಳೆಯದೇ. ದೊಡ್ಡವರಿಗೆ ಕುಂದು ಬರಕೂಡದೆಂಬ ಆತಂಕ ಅವರದು. ಆದರೆ ನೂರು ವರ್ಷಗಳ ಹಿಂದೆ ಈ ದೇವಾಲಯಕ್ಕೆ ಕಲ್ಲು ಹೊತ್ತವರ ಮಕ್ಕಳು ಮೊಮ್ಮಕ್ಕಳು ಚಪ್ಪರದಲ್ಲಿರುವಾಗ ನಾನು ಒಳಗೆ ಕುಳಿತು ಉಣ್ಣಲಾರೆ. ಮೇತ್ರಾಣಿಗಳಿಗೂ ಪತ್ರ ಬರೆದು ಕೇಳಿಕೊಂಡಿದ್ದೇನೆ. ಚಪ್ಪರದಲ್ಲಿಯೇ ಕೂರುವುದಾಗಿ ಅವರು ಸಂತೋಷದಿಂದ ಉತ್ತರಿಸಿದ್ದಾರೆ. ಎಲ್ಲರಿಗೂ ಒಂದೇ ಪಂಕ್ತಿ, ಎಲ್ಲರಿಗೂ ಬಾಳೆಯೆಲೆ. ಎಲೆಯ ಮೇಲೆ ಯಾರ ಲಾಂಛನವೂ ಇರುವುದಿಲ್ಲ. ಮೊದಲ ಸಾಲಿನಲ್ಲಿ ನಮ್ಮ ವಿಚಾರಣೆಯ ವೃದ್ಧರೂ ಅಂಗವಿಕಲರೂ ಕೂರಲಿ. ಅವರಿಗೆ ಬಡಿಸುವ ಗೌರವವನ್ನು ಹೆಚ್ಚಿನ ದೇಣಿಗೆ ಕೊಟ್ಟವರಿಗೆ ಬಿಟ್ಟುಕೊಡುತ್ತೇನೆ.

ನಿಮ್ಮ ಪಿಂಗಾಣಿಯನ್ನು ಒಡೆದುಹಾಕಿರೆಂದು ನಾನು ಹೇಳಲಿಲ್ಲ. ತೆಗೆದು ಬಳಸಿರೆಂದು ಹೇಳಿದೆ. ಬಳಸುವಾಗ ಒಂದೆರಡು ಒಡೆದರೆ ಒಡೆಯಲಿ, ಮನಸ್ಸು ಒಡೆಯುವುದಕ್ಕಿಂತ ಅದು ಮೇಲು. ಮುಂದಿನ ಪಾಸ್ಕ ಹಬ್ಬದ ನಂತರ ನಾನೋ, ನನ್ನ ಸ್ಥಾನಕ್ಕೆ ಬರುವ ಗುರುಗಳೋ ನಿಮ್ಮ ಮನೆಗಳನ್ನು ಮಂತ್ರಿಸಲು ಬರುತ್ತೇವೆ. ಆಗ ನಿಮ್ಮ ಮನೆಯಲ್ಲಿ ಎಲ್ಲರೂ ಕುಡಿಯುವ ಲೋಟ ಯಾವುದೋ ಅದರಲ್ಲಿಯೇ ಕಾಫಿಯನ್ನು ಕೊಡಿರಿ. ಮನೆತನದ ಮರ್ಯಾದೆಗೆ ಅದಕ್ಕಿಂತ ಉತ್ತಮವಾದ ಲಾಂಛನ ಬೇರೊಂದಿಲ್ಲ.

ಕಾನಾ ಊರಿನ ಮನೆಯನ್ನು ಕಾಪಾಡಿದ ಪ್ರಭು ನಿಮ್ಮ ಮನೆಗಳನ್ನೂ ಕಾಪಾಡಲಿ. ಸರ್ವಶಕ್ತರಾದ ದೇವರು, ಪಿತ, ಸುತ ಮತ್ತು ಪವಿತ್ರಾತ್ಮರು, ನಿಮ್ಮೆಲ್ಲರನ್ನೂ ಆಶೀರ್ವದಿಸಲಿ. ಆಮೆನ್.